ಹನ್ನೊಂದು ಕೈಯ ಖಣ

ಈ ಕಾಣಿಕೆ ಚೀಲ ಮುಟ್ಟಿ ನೋಡಿರಿ.
ಅಂಚು ನೇರಕ್ಕಿಲ್ಲ.
ಇಲ್ಲಿ ಬಿಗಿ, ಇಲ್ಲಿ ಸಡಿಲ,
ಇಲ್ಲಿ ಸೂಜಿಮಲ್ಲಿಗೆಗೆ ಒಂದು ಎಸಳು ಹೆಚ್ಚು.
ಗುಳೇದಗುಡ್ಡದ ಯಾವ ಸಾವಕಾರನೂ
ಇದನ್ನು ಖಣ ಅಂತ ಒಪ್ಪಲಿಲ್ಲ.

ನಾನು ಹನೋಕನ ಮಗಳು.
ಹೇಳುವ ಹಕ್ಕು ನನಗಿದೆ.

ಆ ವರ್ಷ ಬುಧವಾರದ ಕೂಟದಲ್ಲಿ ಓದುತ್ತಿದ್ದದ್ದು
ಒಂದು ಹಳೆಯ ಕಾಗದ,
ಕಡಲ ದಂಡೆಯ ಯಾವುದೋ ಊರಿನವರಿಗೆ
ಡೇರೆ ಹೊಲಿಯುವವನೊಬ್ಬ ಬರೆದದ್ದು.
ಅವರಿಗೆ ಗೋಪುರ ಇರಲಿಲ್ಲ, ಗಂಟೆ ಇರಲಿಲ್ಲ.
ಯಾರದೋ ಮನೆಯ ಪಡಸಾಲೆ, ಒಂದು ದೀಪ,
ಬಂದರಿನ ಹಮಾಲ, ಬಣ್ಣ ಅದ್ದುವಾಕಿ, ಜೀತ ಬಿಟ್ಟ ಆಳು
ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು
ಒಂದೇ ರೊಟ್ಟಿ ಮುರಿದವರು.
ಕರ್ತ ಬರುತ್ತಾನೆ ಅಂತ ಕೇಳಿದ್ದೇ
ಅವರಲ್ಲಿ ಕೆಲವರು ಕೆಲಸ ಬಿಟ್ಟರಂತೆ.

ಅಪ್ಪ ಅಷ್ಟೇ ಕೇಳಿಸಿಕೊಂಡ.
ಮರುದಿನ ಲಾಳಿಯನ್ನು ಗೂಡಿನಲ್ಲಿಟ್ಟು
ಮಾಳಿಗೆ ಏರಿ ಕೂತ, ಮುಖ ಮೂಡಣಕ್ಕೆ.
"ದಿನಾ ತುಂಬ್ಯಾವ. ಇನ್ನ ನೇದು ಯಾರಿಗೆ ಉಡಸೂದು?"
ಅವ್ವ ಕೆಳಗಿನಿಂದ:
"ಬರಾವ ಬರತಾನ. ಹಿಟ್ಟು ಮುಗದೈತಿ."

ಈಗ ನಗೆ ಬರುತ್ತದೆ. ಆಗ ಬರಲಿಲ್ಲ.
ಕುಣಿಮಗ್ಗದ ಹಾಸಿನಲ್ಲಿ
ಜೇಡ ತನ್ನ ಹೊಕ್ಕು ಹಾಕತೊಡಗಿತ್ತು.

ಹನ್ನೊಂದು ಮನೆಯ ಸಭೆ. ಮಾತು ಹತ್ತಿತು.
ಅದೇ ಕಾಗದದಲ್ಲಿ ಮೈಗಳ್ಳರಿಗೊಂದು ಸಾಲಿತ್ತು,
ಕೊಡಲಿಯಂಥದು. ಅದನ್ನೇ ಎತ್ತಿ ಹಿಡಿದರು.
ಸಮಾಧಾನಪ್ಪಜ್ಜ ಕನ್ನಡಕ ಒರೆಸಿದರು:
"ಆ ಸಾಲು ನನಗೂ ಬಾಯಿಪಾಠ ಐತಿ.
ಬರದಾವ ರಾತ್ರಿಯೆಲ್ಲಾ ತಾನೂ ಸೂಜಿ ಹಿಡದಿದ್ದ,
ಅದನ್ನೂ ಓದ್ರಿ."

ಆ ರಾತ್ರಿ ಕಂದೀಲು ಹಿಡಿದು ಬಂದು,
ಯಾರನ್ನೂ ಕೇಳದೆ ನಮ್ಮ ಕುಣಿಗೆ ಕಾಲು ಇಳಿಬಿಟ್ಟು
ಒಂದು ಗೇಣು ನೇಯ್ದು ಹೋದರು.
ಮರುರಾತ್ರಿ ಇನ್ನೊಬ್ಬರು.
ಅದರ ಮರುರಾತ್ರಿ ಸಾಲ್ಮೋನ,
ಹಿತ್ತಲ ಗೋಡೆಯ ಜಗಳಕ್ಕೆ
ನಾಲ್ಕು ವರ್ಷ ಅಪ್ಪನೊಡನೆ ಮಾತು ಬಿಟ್ಟವನು.
ಆಗಲೂ ಮಾತಾಡಲಿಲ್ಲ.
ಒಂದು ಗೇಣು ನೇಯ್ದ, ಲಾಳಿ ಇಟ್ಟ, ಹೋದ.
ಕಣ್ಣು ಮಂಜಾದ ತಬಿತವ್ವ
ಎಳೆಗಳನ್ನು ಬೆರಳಿನಲ್ಲೇ ಓದಿದಳು.

ನನಗೆ ಏಳು ವರ್ಷ.
ಹಾಸಿಗೆಯಲ್ಲೇ ಗೊತ್ತಾಗುತ್ತಿತ್ತು ಯಾರು ಬಂದಿದ್ದಾರೆಂದು:
ಅಜ್ಜನದು ಖಟ್, ಉಸಿರು, ಖಟ್;
ಸಾಲ್ಮೋನನದು ಸಿಟ್ಟಿನ ಖಟಖಟ.
ಮಾಳಿಗೆಯ ಮೇಲಿದ್ದವನಿಗೂ
ಕೇಳಿಸದೆ ಇರುತ್ತಿತ್ತೇ?

ಹತ್ತನೆಯ ರಾತ್ರಿ ಕೃಪವ್ವ.
ಬಾದಾಮಿ ಕಡೆಯ ಕಲ್ಲು ಒಡೆಯುವವರ ಮಗಳು,
ನೂಲು ಹಿಡಿದವಳೇ ಅಲ್ಲ.
ಎಳೆದಳು, ಎಳೆ ಹರಿಯಿತು. ಗಂಟು ಹಾಕಿದಳು.
ಪ್ರಾರ್ಥಿಸಿದಳು. ಮತ್ತೆ ಹರಿಯಿತು.
ದಬದಬ ಮೆಟ್ಟಿಲಿಳಿದು ಬಂದ ಅಪ್ಪ:
"ಏಳ ಯವ್ವಾ, ಏಳ!
ಆತ ಇವತ್ತ ಬಂದು ಇದನ್ನ ನೋಡಿದರ
ನನ್ನ ಮಗ್ಗದ ಮಾನ ಏನಾದೀತು?"

ಹೀಗೆ ಕೂತವನು ಏಳಲಿಲ್ಲ.
ಬೋಧನೆಗೆ ಬಗ್ಗಿದನೋ,
ಕೃಪವ್ವನ ಗಂಟಿಗೆ ಬಗ್ಗಿದನೋ,
ಸಭೆಯಲ್ಲಿ ಇಂದಿಗೂ ಎರಡು ಅಭಿಪ್ರಾಯ.
ಕಾಯುವುದನ್ನಂತೂ ಬಿಡಲಿಲ್ಲ.
ಮಗ್ಗದ ಎದುರಿನ ಮಣ್ಣುಗೋಡೆ ಒಡೆದು
ಮೂಡಣಕ್ಕೊಂದು ಸಣ್ಣ ಕಿಂಡಿ ಮಾಡಿಕೊಂಡ.

ಹಿತ್ತಲ ಗೋಡೆ ಇನ್ನೂ ಹಾಗೇ ಇದೆ.
ಸಾಲ್ಮೋನನ ಸೊಸೆ ಅದರ ಮೇಲಿನಿಂದ
ಕರಿಬೇವು ಚಾಚುತ್ತಾಳೆ.

ಮಾರದೆ ಉಳಿದ ಖಣವನ್ನು ಅವ್ವ ಚೀಲ ಹೊಲಿದಳು.
ಭಾನುವಾರ ಚಿಲ್ಲರೆ ಎಣಿಸುವ ಕೆಲಸ ನನ್ನದು.
ಹತ್ತನೆಯ ಗೇಣಿನ ಗಂಟು ಸಿಕ್ಕಿದಲ್ಲಿ
ಬೆರಳು ನಿಲ್ಲುತ್ತದೆ, ಲೆಕ್ಕ ತಪ್ಪುತ್ತದೆ.
ಪ್ರತಿ ವಾರ
ಮೊದಲಿನಿಂದ ಎಣಿಸುತ್ತೇನೆ.